ನಮ್ಮ ಸೀಮೆಯ ಕಾಗದ ಎಗ್ಮೋರಿನಲ್ಲಿ

ಅರಂತೋಡಿನಿಂದ ಎಲಿಮಲೆಗೆ ಹೋಗುವ ದಾರಿಯಲ್ಲಿ ಮರ್ಕಂಜ ಸಿಗುತ್ತದೆ. ಗುಡ್ಡ, ಕಾಡು, ಅಡಿಕೆ ತೋಟ, ರಬ್ಬರು, ನಡುನಡುವೆ ದೂರ ದೂರ ನಿಂತ ಮನೆಗಳು. ಊರು ಇದ್ದಲ್ಲೇ ಇದೆ. ಅದರ ಮೇಲಿನ ಸರ್ಕಾರ ಮಾತ್ರ ಬದಲಾಗುತ್ತಲೇ ಬಂದಿದೆ. ಅಮರ ಸುಳ್ಯ ಎಂದು ಹೆಸರಾದ ಈ ಸೀಮೆ ಕೆಳದಿಯವರಿಗೂ ಕೊಡಗಿನ ಹಾಲೇರಿ ಅರಸರಿಗೂ ನಡುವೆ ಕೈ ಬದಲಾಯಿಸಿತು. ಹೈದರನ ಕಾಲ, ಟಿಪ್ಪುವಿನ ಕಾಲ ಕಂಡಿತು. 1799ರ ಬಳಿಕ ಈಸ್ಟ್ ಇಂಡಿಯಾ ಕಂಪನಿ ಅದನ್ನು ದೊಡ್ಡವೀರರಾಜೇಂದ್ರನಿಗೆ ಬಿಟ್ಟುಕೊಟ್ಟಿತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕೊಡಗನ್ನು ತನ್ನದಾಗಿಸಿಕೊಂಡಾಗ, ಘಟ್ಟದ ಕೆಳಗಿನ ಈ ಭಾಗವನ್ನು ಅದೇ ಕಂಪನಿ ಮತ್ತೆ ಕೆನರಾ ಜಿಲ್ಲೆಗೆ ಸೇರಿಸಿತು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಆಗ ಇದು ಉಪ್ಪಿನಂಗಡಿ ತಾಲೂಕು. ಮುಂದೆ ಪುತ್ತೂರು ತಾಲೂಕು, ಆಮೇಲೆ ಸುಳ್ಯ ತಾಲೂಕು. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ.

ಸರ್ಕಾರ ಬದಲಾದಂತೆಲ್ಲ ಕಾಗದವೂ ಅದರ ಹಿಂದೆ ಹೋಯಿತು. ಆದ್ದರಿಂದ ಮರ್ಕಂಜದ ಒಂದು ಮನೆತನದವರು ತಮ್ಮ ಹಿರಿಯರ ಕಾಲವನ್ನು ಸರ್ಕಾರಿ ದಾಖಲೆಯಲ್ಲಿ ಹುಡುಕಲು ಹೊರಟರೆ ಸುಳ್ಯದ ತಾಲೂಕು ಕಚೇರಿ, ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿ ಸಾಲುವುದಿಲ್ಲ. ಮದ್ರಾಸಿನ ಕಂದಾಯ ಮಂಡಳಿಯ ನಡವಳಿಗಳು ಚೆನ್ನೈನ ಎಗ್ಮೋರಿನ ಸರ್ಕಾರಿ ಪತ್ರಾಗಾರದಲ್ಲಿವೆ. ಕೊಡಗಿನ ರಾಜಕೀಯಕ್ಕೆ ಸಂಬಂಧಿಸಿದ ಪತ್ರವ್ಯವಹಾರ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಕಂಪನಿ ತನ್ನ ಮೇಲಿನವರಿಗೆ ಕಳಿಸಿದ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಊರಿನವನಿಗೂ ಆ ಕಾಗದಕ್ಕೂ ನಡುವೆ ನಿಲ್ಲುವ ಒಬ್ಬ ಮನುಷ್ಯನಿದ್ದಾನೆ. ಸರ್ಕಾರದ ಸಂಬಳ ಪಡೆದು ಇತಿಹಾಸ ಬರೆಯುವವನು, ದಾಖಲೆ ಕಾಯುವವನು, ಶಾಸನ ಓದುವವನು. ಅಧಿಕಾರಿ, ಇಂಜಿನಿಯರು, ಫಾರೆಸ್ಟರು ಎಲ್ಲರೂ ನಮ್ಮ ಹಳ್ಳಿಗಳಿಗೆ ಗೊತ್ತು. ಇವನು ಗೊತ್ತಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ರಾಜಧಾನಿಗಳಿಗೆ ಇವನಿಲ್ಲದಿದ್ದರೂ ನಡೆದೀತು. ಗಡಿಯಂಚಿನ ಸೀಮೆಗಳಿಗೆ ನಡೆಯದು.

ಕೆನರಾದಲ್ಲಿ ಸರ್ಕಾರಕ್ಕಾಗಿ ಇತಿಹಾಸ ಬರೆದ ಮೊದಲಿಗರಲ್ಲಿ ಒಬ್ಬ ಕಲೆಕ್ಟರನೇ. ಶ್ರೀರಂಗಪಟ್ಟಣ ಬಿದ್ದ ವರ್ಷ, ಅಂದರೆ 1799ರಲ್ಲಿ, ಥಾಮಸ್ ಮನ್ರೋ ಕೆನರಾದ ಮೊದಲ ಕಲೆಕ್ಟರಾಗಿ ಬಂದ. ಜನ ತೆರಿಗೆ ಹೆಚ್ಚಾಯಿತು ಎಂದು ಪ್ರತಿಭಟಿಸಿದರು, ಕಚೇರಿಗೆ ಬರಲೂ ಒಪ್ಪಲಿಲ್ಲ. ಎಷ್ಟು ತೆರಿಗೆ ನ್ಯಾಯ ಎಂದು ತಿಳಿಯಲು ಅವನು ಶಾನುಭೋಗರ ಕರಿ ಕಡತಗಳನ್ನು ತರಿಸಿದ. ಬಟ್ಟೆಗೆ ಇದ್ದಿಲಿನ ಲೇಪ ಕೊಟ್ಟು, ಮಡಚಿ, ಬಳಪದಲ್ಲಿ ಬರೆದ ಲೆಕ್ಕದ ಪುಸ್ತಕಗಳು ಅವು. ಬಹಳಷ್ಟು ಹಾಳಾಗಿದ್ದವು. ಉಳಿದವುಗಳಿಂದ ವಿಜಯನಗರದ ಹರಿಹರನ ಕಾಲದ ನಿಗದಿ, ಕೆಳದಿಯವರು ಏರಿಸಿದ್ದು, ಹೈದರ್ ಮತ್ತು ಟಿಪ್ಪು ಸೇರಿಸಿದ್ದು ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ 1800ರ ಮೇ 31ರಂದು ಕಂದಾಯ ಮಂಡಳಿಗೆ ದೀರ್ಘ ಪತ್ರ ಬರೆದ. ಈ ನಾಡಿನಲ್ಲಿ ಭೂಮಿ ಹಿಂದಿನಿಂದಲೂ ಒಕ್ಕಲಿನ ಖಾಸಗಿ ಸೊತ್ತು, ತೆರಿಗೆ ಇಳಿಸಬೇಕು ಎಂಬುದು ಅದರ ತಾತ್ಪರ್ಯ. ಅದು ಕಂದಾಯದ ವರದಿ, ಹೌದು. ಆದರೆ ಐದು ಶತಮಾನದ ಚರಿತ್ರೆಯನ್ನು ಊರಿನ ಲೆಕ್ಕದಿಂದಲೇ ಕಟ್ಟಬಹುದು ಎಂದು ತೋರಿಸಿದ ಬರಹವೂ ಹೌದು. ಆ ಹೊತ್ತಿಗೆ ಸುಳ್ಯ ಸೀಮೆ ಕೊಡಗಿನ ಪಾಲಿಗೆ ಹೋಗುವ ದಾರಿಯಲ್ಲಿತ್ತು. ಮನ್ರೋನ ವಿಚಾರಣೆಯ ಫಲ ಕರಾವಳಿಗೆ ಸಿಕ್ಕಷ್ಟು ಇಲ್ಲಿಗೆ ಸಿಗಲಿಲ್ಲ.

ಮೂವತ್ತೇಳು ವರ್ಷದ ಮೇಲೆ ಅದೇ ತೆರಿಗೆಯ ವಿಷಯದಲ್ಲಿ ಈ ಸೀಮೆ ಹೊತ್ತಿಕೊಂಡಿತು. ಕೊಡಗಿನ ಅರಸರ ಕಾಲದಲ್ಲಿ ಇಲ್ಲಿನ ರೈತರು ಕಂದಾಯವನ್ನು ಬೆಳೆದ ಬೆಳೆಯಲ್ಲೇ ಕೊಡುತ್ತಿದ್ದರು. 1834ರಲ್ಲಿ ಕೆನರಾಕ್ಕೆ ಸೇರಿದ್ದೇ ತಡ, ನಗದಿನಲ್ಲಿ ಕೊಡಬೇಕಾಯಿತು. ಭತ್ತ ಮನೆಯಲ್ಲಿತ್ತು, ರೂಪಾಯಿ ಇರಲಿಲ್ಲ. ರೂಪಾಯಿ ಬೇಕಾದರೆ ಕಂತಿನ ಗಡುವಿಗೆ ಮೊದಲು ಸಿಕ್ಕಿದ ಬೆಲೆಗೆ ಬೆಳೆ ಮಾರಬೇಕು, ಇಲ್ಲವೇ ಬಡ್ಡಿಗೆ ಸಾಲ ತರಬೇಕು. ಜತೆಗೆ ಅರಸು ಮನೆತನ ಹೋದ ಸಂಕಟ. 1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಜನ ಸೇರಿದರು. ಅರಸು ಮನೆತನದ ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಪುಟ್ಟಬಸಪ್ಪ ಮುಂದೆ ನಿಂತ. ಬೆಳ್ಳಾರೆಯ ಖಜಾನೆ ವಶವಾಯಿತು. ದಂಡು ಮಂಗಳೂರಿಗೆ ಇಳಿಯಿತು. ಕಲೆಕ್ಟರು, ಅಧಿಕಾರಿಗಳು ಊರು ಬಿಟ್ಟರು. ಹದಿಮೂರು ದಿನ ಮಂಗಳೂರು ನಮ್ಮವರ ಕೈಯಲ್ಲಿತ್ತು ಎಂಬುದು ಸುಳ್ಯದ ಕಡೆಯ ಲೆಕ್ಕ. ಕಣ್ಣೂರಿನಿಂದ ಪಡೆ ಬಂದ ಮೇಲೆ ಎಲ್ಲ ಮುಗಿಯಿತು. ಪುಟ್ಟಬಸಪ್ಪನನ್ನು, ನಂದಾವರದ ಲಕ್ಷ್ಮಪ್ಪ ಬಂಗರಸನನ್ನು ಮಂಗಳೂರಿನಲ್ಲಿ ಗಲ್ಲಿಗೇರಿಸಿದರು.

ಈಗ ಇದರ ದಾಖಲೆ ಹೇಗೆ ಹುಟ್ಟಿತು ನೋಡಿ. ಕಂಪನಿ ತನಗೆ ನಿಷ್ಠರಾಗಿ ಉಳಿದವರಿಗೆ ಒಂದು ಪದಕ ಮಾಡಿಸಿತು. ಅದರ ಮೇಲೆ ಕೆತ್ತಿದ್ದು ಕೊಡಗಿನ ಹೆಸರು, 1837ರ ಏಪ್ರಿಲ್ ತಿಂಗಳು. ಹೊರಟವರು ಸುಳ್ಯದವರು, ಹೋಗಿ ಬಿದ್ದದ್ದು ಮಂಗಳೂರಿಗೆ; ಪದಕದಲ್ಲಿ ಎರಡೂ ಇಲ್ಲ. ಮುಂದಿನ ಬರಹಗಳೆಲ್ಲ ಅದೇ ಹೆಸರು ಹಿಡಿದವು. ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಬರೆದ ಪುಸ್ತಕದಲ್ಲಿ, ಮಡಿಕೇರಿಯ ಸರ್ಕಾರಿ ಶಾಲೆಯ ಜಿ. ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿ ಇದು ಕೊಡಗಿನ ದಂಗೆಯ ಪ್ರಕರಣ. ಇತ್ತ ದಕ್ಷಿಣ ಕನ್ನಡದ ಜಿಲ್ಲಾ ಕೈಪಿಡಿ ಜೆ. ಸ್ಟರಕ್ ಬರೆದದ್ದು, ಮೊದಲ ಸಂಪುಟ 1894ರಲ್ಲಿ ಬಂತು, ಎರಡನೆಯದನ್ನು ಹೆರಾಲ್ಡ್ ಸ್ಟುವರ್ಟ್ 1895ರಲ್ಲಿ ಮುಗಿಸಿದ. ಅವರಿಬ್ಬರೂ ಆಡಳಿತಗಾರರು. ಯಾವ ಸರ್ಕಾರದ ವಿರುದ್ಧ ಜನ ಎದ್ದರೋ ಅದೇ ಸರ್ಕಾರದ ನೌಕರರು ಬರೆದ ಜಿಲ್ಲಾ ಚರಿತ್ರೆ ನಮ್ಮ ಕೈಗೆ ಮೊದಲು ಬಂದ ಚರಿತ್ರೆ. ಅದನ್ನು ಓದಬಾರದು ಎನ್ನುವವರ ಜತೆ ನಾನಿಲ್ಲ. ನಗದಿನ ಕಂದಾಯದಿಂದ ರೈತ ಸಾಲಗಾರನಾದ ಎಂಬ ಕಾರಣ ನಮಗೆ ಸಿಕ್ಕಿರುವುದೂ ಆ 19ನೇ ಶತಮಾನದ ಬರವಣಿಗೆಯಿಂದಲೇ. ಶತ್ರುವಿನ ಲೆಕ್ಕಪುಸ್ತಕದಲ್ಲೂ ಅಂಕೆ ಸರಿಯಾಗಿರಬಹುದು.

ಕಲ್ಲಿನ ಮೇಲಿನ ಬರಹದ ವಿಷಯದಲ್ಲೂ ಸುಳ್ಯ ಎರಡು ಕಚೇರಿಗಳ ನಡುವೆ ಬಿತ್ತು. ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು ಇದೇ 1837ರಲ್ಲಿ, ಬೆಂಗಳೂರಿನಲ್ಲಿ. ಮೈಸೂರು ಸರ್ಕಾರದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥನಾಗಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳನ್ನು ತಂದ. ಜಿಲ್ಲೆ, ತಾಲೂಕು, ಊರು ಎಂದು ವಿಂಗಡಿಸಿ ಮೂಲ ಪಾಠವನ್ನೇ ಕೊಟ್ಟ ಆ ಸಂಪುಟಗಳಿಂದ ಹಳೆ ಮೈಸೂರಿನ ಹಳ್ಳಿ ಹಳ್ಳಿಯೂ ತನ್ನ ಶಾಸನ ತೆರೆದು ಓದಿಕೊಳ್ಳುವಂತಾಯಿತು. ಮೊದಲ ಸಂಪುಟ 1886ರ ಕೊಡಗಿನ ಶಾಸನಗಳು. ಅರ್ಧ ಶತಮಾನದ ಹಿಂದೆ ಕೊಡಗಿನಲ್ಲಿದ್ದ ಅಮರ ಸುಳ್ಯ ಆಗ ಮದ್ರಾಸಿಗೆ ಸೇರಿತ್ತು, ಹಾಗಾಗಿ ಅದರಲ್ಲಿ ಬರಲಿಲ್ಲ. ಮದ್ರಾಸಿನ ಸರ್ಕಾರಿ ಶಾಸನತಜ್ಞರ ಕೆಲಸದ ರೀತಿ ಬೇರೆ. ಪ್ರತಿವರ್ಷ ತಾವು ನಕಲು ಮಾಡಿದ ಶಾಸನಗಳ ಪಟ್ಟಿಯನ್ನು ವರದಿಯಾಗಿ ಕೊಡುತ್ತಿದ್ದರು. ಊರು, ಕಲ್ಲು ಇರುವ ಜಾಗ, ರಾಜವಂಶ, ರಾಜ, ಕಾಲ, ಭಾಷೆ, ಎರಡು ಸಾಲು ಷರಾ. ಪೂರ್ತಿ ಪಾಠ ಅಚ್ಚಾಗಲು ದಶಕಗಳೇ ಹಿಡಿದವು. 1901ರ ಸುಮಾರಿಗೆ ಬಾರ್ಕೂರು ಮೊದಲಾದ ಕಡೆ ನಕಲು ಮಾಡಿದ ದಕ್ಷಿಣ ಕನ್ನಡದ ಶಾಸನಗಳು ಪುಸ್ತಕವಾಗಿ ಬಂದದ್ದು 1930ರ ದಶಕದಲ್ಲಿ.

ಈ ಪಟ್ಟಿಯ ಒಂದು ಸಾಲಿನ ಹಿಂದೆ ಎಷ್ಟು ಮೈಬೆವರಿದೆ ಎಂಬುದನ್ನು ಹೇಳಲೇಬೇಕು. ನಮ್ಮ ಕಡೆ ಕಲ್ಲಿಗೆ ಪಾಚಿ, ಕಲ್ಲುಹೂವು ಹತ್ತಲು ಒಂದು ಮಳೆಗಾಲ ಸಾಕು. ದೇವಸ್ಥಾನದ ಅಂಗಳದಲ್ಲೋ ಗದ್ದೆಯ ಹುಣಿಯಲ್ಲೋ ನಿಂತ ಕಲ್ಲನ್ನು ಮೊದಲು ನೀರು ಹಾಕಿ, ಬ್ರಷ್ಷಿನಿಂದ ತಿಕ್ಕಿ, ಅಕ್ಷರದೊಳಗಿನ ಮಣ್ಣು ಬಿಡಿಸಬೇಕು. ಒದ್ದೆ ಕಾಗದವನ್ನು ಗಾಳಿ ಉಳಿಯದಂತೆ ಹರಡಬೇಕು. ಗಟ್ಟಿ ಕೂದಲಿನ ಬ್ರಷ್ಷಿನಿಂದ ಒಂದೇ ಸಮ ಬಡಿದು ಕಾಗದವನ್ನು ಅಕ್ಷರದ ತಗ್ಗಿಗೆ ಇಳಿಸಬೇಕು. ಜೋರಾದರೆ ಹರಿಯುತ್ತದೆ, ಹಗುರಾದರೆ ಅಕ್ಷರ ಮೂಡುವುದಿಲ್ಲ. ಅರೆ ಒಣಗಿದಾಗ ಶಾಯಿಯ ಉಂಡೆ ಒತ್ತುತ್ತಾ ಹೋದರೆ ಉಬ್ಬಿದ ಭಾಗ ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಕಲ್ಲಿನಿಂದ ಬಿಡಿಸಿ ತೆಗೆಯುವುದು. ಇದೇ ಪಡಿಯಚ್ಚು. ಗಾಳಿ ಎದ್ದರೆ, ಮೋಡ ಕಟ್ಟಿದರೆ ಇಡೀ ದಿನದ ಕೆಲಸ ಹೋಯಿತು. ಇದಕ್ಕೆ ಮೊದಲು ಊರಿನವರ ಒಪ್ಪಿಗೆ ಬೇಕು. ಕಲ್ಲಿನ ಕೆಳಗೆ ನಿಧಿ ಇದೆ ಎಂಬ ಶಂಕೆಯನ್ನು ಕಳೆಯಬೇಕು. ದೈವಸ್ಥಾನದ ಹತ್ತಿರವಾದರೆ ಗುತ್ತಿನವರನ್ನು ಕೇಳಬೇಕು, ಮುಟ್ಟು ಮೈಲಿಗೆಯ ಕಟ್ಟಳೆ ಪಾಲಿಸಬೇಕು. ಹೀಗೆ ಬಂದ ಪಡಿಯಚ್ಚು ಊಟಿಯ ಕಚೇರಿಗೆ ಹೋಗುತ್ತಿತ್ತು. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಆ ಶಾಸನ ಶಾಖೆ 1966ರಲ್ಲಿ ಮೈಸೂರಿಗೆ ಬಂತು.

ಆ ಶಾಖೆಯಲ್ಲೇ ಬೆಳೆದು ಅದರ ನಿರ್ದೇಶಕರಾದವರು ಕೆ.ವಿ. ರಮೇಶ್. ಹಗಲು ಸರ್ಕಾರಕ್ಕಾಗಿ ಓದಿದ ಕಲ್ಲುಗಳೇ ಅವರಿಗೆ ದಕ್ಷಿಣ ಕನ್ನಡದ ಇತಿಹಾಸವನ್ನು ಕೊಟ್ಟವು. ಆರಂಭದಿಂದ ವಿಜಯನಗರದ ಪತನದವರೆಗಿನ ಅವರ ಗ್ರಂಥ 1970ರಲ್ಲಿ ಬಂತು. 1978ರಲ್ಲಿ ಎಂ.ಜೆ. ಶರ್ಮ ಅವರೊಂದಿಗೆ ‘ತುಳುನಾಡಿನ ಶಾಸನಗಳು’ ತಂದರು. ಆಳುಪರ ವಡ್ಡರ್ಸೆಯ ಶಾಸನ, ಬೆಳ್ಮಣ್ಣಿನ ತಾಮ್ರಪಟ ಇಂಥವು ಸಾಮಾನ್ಯ ಓದುಗನ ಬಾಯಲ್ಲಿ ಬರುವಂತಾದದ್ದರಲ್ಲಿ ಅವರ ಪಾಲು ದೊಡ್ಡದು. ಆದರೆ ಬಾರ್ಕೂರು, ಉಡುಪಿ, ಕುಂದಾಪುರ, ಮೂಡುಬಿದಿರೆಯ ಕಡೆ ಸಿಕ್ಕಷ್ಟು ಕಲ್ಲುಗಳು ಘಟ್ಟದ ಬುಡದ ಸುಳ್ಯಕ್ಕೆ ಸಿಕ್ಕಿಲ್ಲ. ರೇವು, ಪೇಟೆ, ಬಸದಿ, ಮಠ ಇದ್ದಲ್ಲಿ ದಾನಶಾಸನ ಇರುತ್ತದೆ. ಕಾಡು ಕಡಿದು ಸುಟ್ಟು ಕುಮೇರಿ ಬೇಸಾಯ ಮಾಡಿ, ಗದ್ದೆ ಮಾಡಿ ಬದುಕಿದವರು ಕಲ್ಲು ಬರೆಸಿದವರಲ್ಲ. ಶಾಸನವನ್ನೇ ನೆಚ್ಚಿಕೊಂಡ ಚರಿತ್ರೆಯಲ್ಲಿ ಅವರ ಪಾಲಿಗೆ ಪುಟ ಕಡಿಮೆ.

ಇದನ್ನು ಬಹಳ ಮೊದಲೇ ಮನಗಂಡವರು ನಮ್ಮ ಪಕ್ಕದವರೇ ಆದ ಭಾಸ್ಕರ ಆನಂದ ಸಾಲೆತ್ತೂರು. ವಿಟ್ಲದ ಹತ್ತಿರದ ಸಾಲೆತ್ತೂರಿನ ಹೆಸರನ್ನು ವಿದ್ವತ್ ಲೋಕದಲ್ಲಿ ಹೊತ್ತು ತಿರುಗಿದ ಮಹನೀಯರು. 1936ರಲ್ಲಿ ಬಂದ ಅವರ ತುಳುವ ಇತಿಹಾಸದಲ್ಲಿ ಶಾಸನದ ಜತೆಗೆ ಗ್ರಾಮಪದ್ಧತಿಗೂ ಭೂತಗಳ ಕಥೆ ಹೇಳುವ ಹಾಡುಗಳಾದ ಪಾಡ್ದನಗಳಿಗೂ ಜಾಗವಿತ್ತು. ಆ ಸಾಕ್ಷ್ಯಗಳನ್ನು ಅವರು ತೂಗಿದ ರೀತಿಯ ಬಗ್ಗೆ ಮುಂದಿನವರು ತಕರಾರು ಎತ್ತಿದ್ದಾರೆ, ಎತ್ತಬೇಕಾದದ್ದೇ. ಆದರೂ ಕೋಲದ ಅಂಗಳದಲ್ಲಿ ಹೇಳುವ ಮಾತನ್ನು ಇತಿಹಾಸದ ಪುಸ್ತಕಕ್ಕೆ ತಂದ ಅದೇ ಮನುಷ್ಯ 1957ರಿಂದ 1960ರವರೆಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ನಿರ್ದೇಶಕರಾಗಿದ್ದರು ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. 1891ರಲ್ಲಿ ಕಲ್ಕತ್ತದಲ್ಲಿ ಶುರುವಾದ ಆ ಸಂಸ್ಥೆಯ ಕಪಾಟುಗಳಲ್ಲೇ ಕೊಡಗಿನ ಪತ್ರವ್ಯವಹಾರವೂ ಇದೆ. ಅಮರ ಸುಳ್ಯಕ್ಕೆ ಸಂಬಂಧಿಸಿದ ಕಾಗದಗಳ ಕೀಲಿಕೈ ಕೆಲ ಕಾಲ ನಮ್ಮ ಸೀಮೆಯ ಮನುಷ್ಯರೊಬ್ಬರ ಕೈಯಲ್ಲಿತ್ತು.

ಸಾಲೆತ್ತೂರರು ಆ ಕುರ್ಚಿಗೆ ಬರುವ ಹೊತ್ತಿಗೆ ದೇಶದಲ್ಲಿ ಸರ್ಕಾರಿ ಇತಿಹಾಸಕಾರನ ಸ್ಥಾನದ ಬಗ್ಗೆ ದೊಡ್ಡ ವಾದ ನಡೆದಿತ್ತು. ಸ್ವಾತಂತ್ರ್ಯ ಹೋರಾಟದ ಅಧಿಕೃತ ಚರಿತ್ರೆ ಬರೆಸಲು ಕೇಂದ್ರ ಸರ್ಕಾರ ಒಂದು ಮಂಡಳಿ ಮಾಡಿ ಆರ್.ಸಿ. ಮಜುಂದಾರ್ ಅವರನ್ನು ಹಚ್ಚಿತ್ತು. ಭಿನ್ನಾಭಿಪ್ರಾಯ ಬಂದು ಆ ಮಂಡಳಿ ಬರ್ಖಾಸ್ತಾಯಿತು. ಕೆಲಸ ತಾರಾಚಂದ್ ಅವರಿಗೆ ಹೋಯಿತು, ನಾಲ್ಕು ಸಂಪುಟಗಳು 1961ರಿಂದ 1972ರ ನಡುವೆ ಬಂದವು. ಮಜುಂದಾರ್ ತಮ್ಮದೇ ಮೂರು ಸಂಪುಟ ಬರೆದುಕೊಂಡರು. ಇತ್ತ 1857ರ ಶತಮಾನೋತ್ಸವಕ್ಕೆ ಸರ್ಕಾರ ಎಸ್.ಎನ್. ಸೇನ್ ಅವರಿಂದ ಪುಸ್ತಕ ಬರೆಸಿತು. ರಾಷ್ಟ್ರೀಯ ಪತ್ರಾಗಾರದ ಮೊದಲ ನಿರ್ದೇಶಕರಾಗಿದ್ದ ಸೇನ್, ಅದು ಮೊದಲಿನಿಂದ ಕೊನೆಯವರೆಗೆ ಒಂದೇ ಬಣ್ಣದ ಹೋರಾಟ ಎಂದು ಬರೆದುಕೊಡಲಿಲ್ಲ. ಸಂಬಳ ಕೊಡುವವರಿಗೆ ಏನು ಇಷ್ಟ ಎಂಬುದು ಗೊತ್ತಿದ್ದೂ ಕಾಗದ ಹೇಳಿದ್ದನ್ನು ಬರೆಯುವುದು ಸಾಧ್ಯ ಎಂಬುದಕ್ಕೆ ಆ ಪುಸ್ತಕ ಸಾಕ್ಷಿ. ಮೈಸೂರು ರಾಜ್ಯವೂ ಸ್ವಾತಂತ್ರ್ಯ ಚಳವಳಿಯ ಚರಿತ್ರೆಗೆ ಕೈಹಾಕಿ, ಎಂ.ವಿ. ಕೃಷ್ಣರಾವ್, ಜಿ.ಎಸ್. ಹಾಲಪ್ಪ ಅವರಿಂದ 1960ರ ದಶಕದಲ್ಲಿ ಸಂಪುಟಗಳನ್ನು ಹೊರತಂದಿತು.

ಸುಳ್ಯದವರು ಆಗಿನಿಂದಲೂ ಕೇಳುವ ಪ್ರಶ್ನೆ ಒಂದು: 1857ಕ್ಕಿಂತ ಇಪ್ಪತ್ತು ವರ್ಷ ಮೊದಲೇ ನಮ್ಮವರು ಮಂಗಳೂರು ಹಿಡಿದಿದ್ದರಲ್ಲ? ನ್ಯಾಯವಾದ ಪ್ರಶ್ನೆ. ನಿರಂಜನರ ‘ಕಲ್ಯಾಣಸ್ವಾಮಿ’ ಕಾದಂಬರಿ, ದೇವಿಪ್ರಸಾದ್ ಸಂಪಾಜೆ, ಪುರುಷೋತ್ತಮ ಬಿಳಿಮಲೆ ಮೊದಲಾದವರ ಬರಹಗಳು, 1799ರಿಂದ 1860ರವರೆಗಿನ ದಕ್ಷಿಣ ಕನ್ನಡದ ಬಗ್ಗೆ ಎನ್. ಶ್ಯಾಮ ಭಟ್ಟರು ಮಾಡಿದ ಅಧ್ಯಯನ, ಎಲ್ಲವೂ ಸೇರಿ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹಗುರವಾಗಿ ಕರೆಸಿಕೊಂಡಿದ್ದ ಘಟನೆಗೆ ಅದರ ಘನತೆಯನ್ನು ಮರಳಿಸಿದವು. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ನನಗೆ ಸಂತೋಷವೇ ಆಯಿತು. ಆದರೆ ಯಾರು ಮೊದಲು ಎಂಬ ಸ್ಪರ್ಧೆಯಲ್ಲಿ ನಗದು ಕಂದಾಯದ ಸಂಗತಿ ಹಿಂದೆ ಸರಿಯುವುದನ್ನು ಕಂಡರೆ ಬೇಸರವಾಗುತ್ತದೆ. ಮರ್ಕಂಜ, ಉಬರಡ್ಕ, ಅರಂತೋಡಿನಂಥ ಊರುಗಳ ರೈತ ಕೋವಿ ಹಿಡಿದದ್ದಕ್ಕೆ ಕಾರಣ ಅವನು ಭತ್ತ ತುಂಬಿಡುವ ಪತ್ತಾಯದಲ್ಲಿತ್ತು. ಪ್ರತಿಮೆ ಅದನ್ನು ಹೇಳಲಾರದು. ಹೇಳಬೇಕಾದವನು ಇತಿಹಾಸಕಾರ, ಅವನು ಸರ್ಕಾರದವನಾದರೆ ಇನ್ನೂ ಒಳ್ಳೆಯದು, ಏಕೆಂದರೆ ಜಮಾಬಂದಿಯ ಲೆಕ್ಕ ಇರುವುದು ಸರ್ಕಾರದ ಬಳಿ.

ಸ್ವಾತಂತ್ರ್ಯಾನಂತರ ಇದಕ್ಕೆಂದೇ ಇದ್ದ ಕಚೇರಿ ಗ್ಯಾಸೆಟಿಯರ್. ನಮ್ಮ ಜಿಲ್ಲೆಯ ಸಂಪುಟ ಕೆ. ಅಭಿಶಂಕರ್ ಅವರ ಸಂಪಾದಕತ್ವದಲ್ಲಿ 1973ರಲ್ಲಿ ಬಂತು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ವರ್ಷ. ಮುಖಪುಟದಲ್ಲಿ ಇನ್ನೂ ಮೈಸೂರು ರಾಜ್ಯವೇ. ಗ್ಯಾಸೆಟಿಯರಿಗೆ ಅಧ್ಯಾಯಗಳ ಚೌಕಟ್ಟು ದೆಹಲಿಯಿಂದ ಬರುತ್ತಿತ್ತು, ಕರಡು ಒಪ್ಪಿಗೆಗೆ ಅಲ್ಲಿಗೇ ಹೋಗಬೇಕಿತ್ತು. ಭೂಗೋಳ, ಇತಿಹಾಸ, ಜನ, ಕೃಷಿ, ಕೈಗಾರಿಕೆ, ಬ್ಯಾಂಕು, ಸಾರಿಗೆ ಹೀಗೆ. ಒಂದು ಗ್ರಾಮಕ್ಕೆ ಆ ಚೌಕಟ್ಟಿನಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಪಟ್ಟಿಯಲ್ಲಿ ಒಂದು ಹೆಸರು. 1981ರಿಂದ 1995ರವರೆಗೆ ಮುಖ್ಯ ಸಂಪಾದಕರಾಗಿದ್ದ ಸೂರ್ಯನಾಥ ಕಾಮತರು ಇದರ ಮಿತಿಯನ್ನು ಚೆನ್ನಾಗಿ ಬಲ್ಲವರು. ಅವರ ಪಿಎಚ್.ಡಿ. ಅಧ್ಯಯನವೇ ವಿಜಯನಗರ ಕಾಲದ ತುಳುನಾಡಿನ ಮೇಲೆ. ರಾಜ್ಯ ಗ್ಯಾಸೆಟಿಯರಿನ ಎರಡು ಬೃಹತ್ ಸಂಪುಟಗಳನ್ನು ತಂದವರು, ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡವರ ನೆನಪುಗಳನ್ನು ಅವರಿಂದಲೇ ಕೇಳಿ ‘ಸ್ವಾತಂತ್ರ್ಯ ಸಂಗ್ರಾಮದ ಸ್ಮೃತಿಗಳು’ ಎಂಬ ಮೂರು ಸಂಪುಟವನ್ನೂ ಕೊಟ್ಟರು. ಅವರು ಕೇಳದೇ ಇದ್ದಿದ್ದರೆ ಆ ಎಷ್ಟೋ ಮಂದಿಯ ಮಾತು ಅವರೊಂದಿಗೇ ಹೋಗುತ್ತಿತ್ತು. 2015ರಲ್ಲಿ ಕಾಮತರು ತೀರಿಕೊಂಡಾಗ ನಾವು ಕಳೆದುಕೊಂಡದ್ದು ಕಚೇರಿಯಿಂದ ಎದ್ದು ಜನರ ಜಗಲಿಗೆ ಹೋಗುತ್ತಿದ್ದ ಸರ್ಕಾರಿ ಇತಿಹಾಸಕಾರನನ್ನು.

ಹಾಗೆ ಜಗಲಿಗೆ ಬರುವವನಿಗೆ ಮರ್ಕಂಜದಂಥ ಊರಿನಲ್ಲಿ ಕೆಲಸ ಬೇಕಾದಷ್ಟಿದೆ. ಹಳೆ ಮನೆಗಳ ಅಟ್ಟದಲ್ಲಿ ಮೂಲಗೇಣಿ, ಚಾಲಗೇಣಿ ಚೀಟುಗಳಿರಬಹುದು. 1974ರ ಭೂಸುಧಾರಣೆಯ ಕಾಲದಲ್ಲಿ ಒಕ್ಕಲುಗಳು ಹಾಕಿದ ಡಿಕ್ಲರೇಷನ್ನುಗಳು, ಭೂ ನ್ಯಾಯಮಂಡಳಿಯ ಮುಂದೆ ಧಣಿ ಮತ್ತು ಒಕ್ಕಲು ಎದುರುಬದುರು ನಿಂತು ಕೊಟ್ಟ ಹೇಳಿಕೆಗಳು ಇವೆಯಲ್ಲ, ನನ್ನ ಪ್ರಕಾರ 20ನೇ ಶತಮಾನದ ಸುಳ್ಯಕ್ಕೆ ಅದಕ್ಕಿಂತ ದೊಡ್ಡ ಚರಿತ್ರೆಯ ಮೂಲ ಇಲ್ಲ. ಯಾರು ಯಾವ ಗದ್ದೆ ಎಷ್ಟು ವರ್ಷ ಮಾಡಿದ್ದರು, ಗೇಣಿ ಎಷ್ಟು ಮುಡಿ, ಸಾಕ್ಷಿ ಹೇಳಿದ ನೆರೆಮನೆಯವರು ಯಾರು, ಎಲ್ಲವೂ ಅದರಲ್ಲಿದೆ. ಈ ಕಡತಗಳು ಗೆದ್ದಲು ತಿನ್ನದಂತೆ ಉಳಿಯಬೇಕು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಬಳಿಕ ಸಿಲೋನಿನಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ನೆಲೆ ನಿಂತ ತಮಿಳು ಕುಟುಂಬಗಳ ಮೊದಲ ತಲೆಮಾರು ಈಗ ಮುಪ್ಪಿನಲ್ಲಿದೆ. ಅವರ ಮಾತು ಯಾವ ಗ್ಯಾಸೆಟಿಯರಿನಲ್ಲಿ ಬಂದೀತು? ಸಂಪಾಜೆ, ಅರಂತೋಡು, ಮರ್ಕಂಜದ ತೋಟಗಳನ್ನು ಹಳದಿ ಎಲೆ ರೋಗ ತಿನ್ನುತ್ತಾ ಬಂದಿದೆ. ಅಜ್ಜ ನೆಟ್ಟ ಅಡಿಕೆ ಮರ ಕಡಿದು ರಬ್ಬರು ಹಾಕಿದವರು, ತೋಟ ಬಿಟ್ಟು ಬೆಂಗಳೂರಿಗೆ ಹೋದವರು, ಏನೇ ಆದರೂ ಅಡಿಕೆಯೇ ಎಂದು ಮತ್ತೆ ಸಸಿ ಇಟ್ಟವರು, ಇವರೆಲ್ಲರ ಲೆಕ್ಕ ಇಂದೇ ಬರೆದಿಡಬೇಕಾದದ್ದು. ತೋಟಗಾರಿಕೆ ಇಲಾಖೆ ಹೆಕ್ಟೇರು ಬರೆದುಕೊಳ್ಳುತ್ತದೆ, ಮನೆ ಬರೆದುಕೊಳ್ಳುವುದಿಲ್ಲ.

ಸರ್ಕಾರವನ್ನು ಕೇಳಬೇಕಾದದ್ದು ದೊಡ್ಡ ಖರ್ಚಿನದೇನಲ್ಲ. ತಾಲೂಕಿಗೊಬ್ಬ ತರಬೇತಾದ ದಾಖಲೆಗಾರ. ನ್ಯಾಯಮಂಡಳಿಯ ಹಳೆ ಕಡತಗಳಿಗೆ ಗಾಳಿ ಬೆಳಕಿನ ಒಂದು ಕೋಣೆ. ಚೆನ್ನೈ, ದೆಹಲಿಯಲ್ಲಿರುವ 1834ರಿಂದ 1837ರವರೆಗಿನ ಅಮರ ಸುಳ್ಯದ ಕಾಗದಗಳ ನಕಲು ತಂದು ಸುಳ್ಯದ ಗ್ರಂಥಾಲಯದಲ್ಲಿ ಇಡುವುದು. ಅರೆಭಾಷೆ ಬಲ್ಲವನು, ತುಳು ಬಲ್ಲವನು, ಮೋಡಿ ಅಕ್ಷರ ಓದಬಲ್ಲವನು ಆ ಕೆಲಸಕ್ಕೆ ಬಂದರೆ ಅದಕ್ಕಿಂತ ಹೆಚ್ಚು ಬೇಡ.

ಅಲ್ಲಿಯವರೆಗೆ ಕಾಯಲಾರೆ ಎನ್ನುವ ಹುಡುಗ ಹುಡುಗಿಯರು ನಮ್ಮ ಕಡೆ ಇದ್ದಾರೆ, ಚೆನ್ನೈಯಲ್ಲೂ ದೆಹಲಿಯಲ್ಲೂ ಕೆಲಸದಲ್ಲಿದ್ದಾರೆ. ಅವರಿಗೆ ಹೇಳುವುದಿಷ್ಟು. ಎಗ್ಮೋರಿನಲ್ಲಿ ಸುಳ್ಯ ಎಂದು ಕೇಳಿದರೆ ಸಿಗಲಿಕ್ಕಿಲ್ಲ, ಕೆನರಾ ಜಿಲ್ಲೆ ಎಂದು ಕೇಳಿ, 1834ರಿಂದ ಮುಂದಿನ ಕಂದಾಯ ಮಂಡಳಿಯ ನಡವಳಿ ತೆಗೆಸಿ. ದೆಹಲಿಯ ಪತ್ರಾಗಾರದ ಸೂಚಿ ಈಗ ಜಾಲತಾಣ ‘ಅಭಿಲೇಖ್ ಪಟಲ್’ನಲ್ಲೂ ಇದೆ, ಅಲ್ಲಿ ಕೊಡಗಿನ ಇಂಗ್ಲಿಷ್ ಹೆಸರು ಹಾಕಿ, 1837ರ ಏಪ್ರಿಲ್‌ನಿಂದ ವರ್ಷದ ಕೊನೆಯವರೆಗೆ ನೋಡಿ. ಊರಿನ ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ, ಜೋರಾಗಿ ಓದಿಕೊಳ್ಳಿ, ಕಿವಿಗೆ ಹತ್ತುತ್ತದೆ. ಸಿಕ್ಕಿದ ಹಾಳೆಯ ಸಂಪುಟ ಸಂಖ್ಯೆ, ಪುಟ ಸಂಖ್ಯೆ ತಪ್ಪದೆ ಬರೆದುಕೊಂಡು ಬನ್ನಿ. ಮುಂದೆ ಹೋಗುವವರಿಗೆ ಬೇಕಾಗುತ್ತದೆ.